ಗೆದ್ದ ವರ್ಷದ ಕಾರು

1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಒಂದು ವಿಚಿತ್ರ ಪ್ರಶ್ನೆ ಬಂತು: ಈ ಕಾರು ಅದೇ ಕಾರೇ?

ಅದು ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್. ಹೆಸರು ‘ಓಲ್ಡ್ ನಂಬರ್ ಒನ್’. ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಓಟವನ್ನು 1929 ಮತ್ತು 1930ರಲ್ಲಿ ಗೆದ್ದ ಕಾರು. ಎರಡೂ ಸಲ ಓಡಿಸಿದವರಲ್ಲಿ ಒಬ್ಬ ಕಂಪನಿಯ ಅಧ್ಯಕ್ಷ ವುಲ್ಫ್ ಬಾರ್ನಾಟೊ. ಅದನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದವರು, ಇದು ನಿಜವಾದ ಓಲ್ಡ್ ನಂಬರ್ ಒನ್ ಅಲ್ಲ ಎಂದು ಹಿಂದೆ ಸರಿದಿದ್ದರು.

ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಲ ಮಾನ್ ಆದಮೇಲೆ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟಗಳಿಗಾಗಿ ಕಾರನ್ನು ಬಿಚ್ಚಿ ಮತ್ತೆ ಕಟ್ಟಿದ್ದರು; 8 ಲೀಟರಿನ ಎಂಜಿನ್ ಕೂರಿಸಿದ್ದರು. 1932ರಲ್ಲಿ ಅದು ಟ್ರ್ಯಾಕಿನ ಅಂಚು ದಾಟಿ ಹಾರಿ, ಚಾಲಕ ಕ್ಲೈವ್ ಡನ್‌ಫೀ ಸತ್ತ. ಬಳಿಕ ಅದು ರಸ್ತೆಯ ಮೇಲೆ ಓಡಾಡುವ ಕೂಪೆ ಆಯಿತು. ಕೋರ್ಟಿಗೆ ಬರುವ ಹೊತ್ತಿಗೆ ಮೈ ಮತ್ತೆ ನಾಲ್ಕು ಸೀಟಿನದು.

ನ್ಯಾಯಮೂರ್ತಿ ಆಟನ್ ಅವರ ತೀರ್ಪಿನ ಸಾರ ಇಷ್ಟು: ಇದು ಮೂಲ ಕಾರಲ್ಲ, ಆದರೂ ಅಸಲಿ. ಯಾವ ಹಂತದಲ್ಲೂ ಹಳೆಯದು ಮಾಯವಾಗಿ ಇನ್ನೊಂದು ಕಾರು ಅದರ ಜಾಗಕ್ಕೆ ಬಂದದ್ದಿಲ್ಲ.

ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳಿದ್ದು ನೆನಪಾಗುತ್ತದೆ: ಗಾಲಿ ರಥವೇ? ಅಚ್ಚು ರಥವೇ? ನೊಗ ರಥವೇ? ಒಂದೊಂದೂ ಅಲ್ಲ, ಎಲ್ಲ ಕೂಡಿದ್ದಕ್ಕೆ ನಾವಿಟ್ಟ ಹೆಸರು ರಥ. ನ್ಯಾಯಮೂರ್ತಿಗಳು ಅದಕ್ಕೆ ಕಾಲವನ್ನೂ ಸೇರಿಸಿದರು. ಕಡಿಯದೆ ಬಂದ ಬಾಳೇ ಗುರುತು.

ಆದರೆ ನನ್ನನ್ನು ಕಾಡುವುದು ಗುರುತಿನ ಪ್ರಶ್ನೆಯಲ್ಲ. ಜೀರ್ಣೋದ್ಧಾರ ಮಾಡುವವರು ಯಾವ ವರ್ಷವನ್ನು ಮರಳಿ ತರುತ್ತಾರೆ? ಇಲ್ಲಿ ಮರಳಿದ್ದು ಗೆಲುವಿನ ಕಾಲದ ರೂಪ. ಡನ್‌ಫೀ ಸತ್ತ 1932ರ ರೂಪ ಉಳಿಯಲಿಲ್ಲ. ಕಾರು ಕೊಂಡವರದು, ಅವರಿಷ್ಟ ಎನ್ನಬಹುದು. ಆದರೆ ಅಷ್ಟು ದುಡ್ಡು ಕೊಡುವುದು ತಗಡಿಗಲ್ಲ, ಚರಿತ್ರೆಗೆ. ಆ ಚರಿತ್ರೆ ಕಡಿಯದೆ ಬಂದಿದೆ ಎಂದು ವಾದಿಸಿ ಬೆಲೆ ಪಡೆದಮೇಲೆ ಅದರೊಳಗಿನ ಸಾವೂ ಲೆಕ್ಕಕ್ಕೆ ಬರಬೇಕಲ್ಲವೇ?

ಗ್ರಂಥಸಂಪಾದನೆಯ ವಿದ್ಯಾರ್ಥಿಯಾದ ನನಗೆ ಇದು ದೂರದ ಮಾತಲ್ಲ. ಲಿಪಿಕಾರರು ಸೇರಿಸಿದ್ದನ್ನು ಬೇರ್ಪಡಿಸಿ ಕವಿಯ ಪಾಠವನ್ನು ಹುಡುಕುವುದೇ ನಮ್ಮ ಕೆಲಸ. ಹಾಗೆಂದು ಒಳ್ಳೆಯ ಸಂಪಾದಕ ತೆಗೆದದ್ದನ್ನು ಎಸೆಯುವುದಿಲ್ಲ. ಪುಟದ ಅಡಿಯಲ್ಲಿ ಪಾಠಾಂತರವಾಗಿ ಉಳಿಸುತ್ತಾನೆ. ಹಳೆಯದನ್ನು ಹೊಸದಾಗಿಸುವುದು ತಪ್ಪಲ್ಲ. ತೆಗೆದದ್ದೇನು, ಯಾಕೆ ಎಂಬುದನ್ನು ಮುಂದಿನವರಿಗೆ ಬರೆದಿಡದಿರುವುದು ತಪ್ಪು.