ಪರೀಕ್ಷಾ ಕೇಂದ್ರದ ಬಾಗಿಲಲ್ಲಿ

ಹಿರೇಬೆಂಡಿಗೇರಿಯಂತಹ ಊರಿನಿಂದ ನಸುಕಿನ ಬಸ್ಸು ಹಿಡಿದು ಮಗಳನ್ನು ಸಿಇಟಿ ಪರೀಕ್ಷೆಗೆ ಕರೆತಂದ ತಂದೆಯೊಬ್ಬನನ್ನು ಊಹಿಸಿಕೊಳ್ಳಿರಿ. ಹೊರಬಂದವಳಿಗೆ ಅವನ ಮೊದಲ ಪ್ರಶ್ನೆ: “ಪೇಪರ್ ಹೆಂಗಾತವ್ವಾ?” “ಎಲ್ಲಾ ಹಾಳಾತಪ್ಪಾ” ಎಂದು ಆಕೆ ಅಳುತ್ತಾಳೆ. ದುಃಖವೇನೋ ನಿಜ, ಆದರೆ ಅದನ್ನು ಫಲಿತಾಂಶವೆಂದು ನಂಬಬಹುದೇ?

2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯನ್ನು ನೆನೆಯಿರಿ. ಪಠ್ಯದಲ್ಲಿಲ್ಲದ ಪ್ರಶ್ನೆಗಳನ್ನು ಕಂಡು ಮಕ್ಕಳು ಎದೆಗುಂದಿ ಹೊರಬಂದರು. ಬಳಿಕ ತಜ್ಞರ ಪರಿಶೀಲನೆಯಾಗಿ, ನಾಲ್ಕು ವಿಷಯಗಳ 240 ಪ್ರಶ್ನೆಗಳ ಪೈಕಿ 50ನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಮಕ್ಕಳು ತಮ್ಮ ದಡ್ಡತನವೆಂದು ಕೊರಗಿದ್ದು ಪ್ರಶ್ನೆಪತ್ರಿಕೆಯ ದೋಷಕ್ಕಾಗಿ!

ಇದು ಅಪರೂಪದ ಪ್ರಸಂಗವೆನ್ನಿ. ಆದರೆ ದೋಷವಿಲ್ಲದ ಪತ್ರಿಕೆಯಲ್ಲೂ ಮನಸ್ಸು ಒಳ್ಳೆಯ ಲೆಕ್ಕಿಗನಲ್ಲ. ಸಲೀಸಾಗಿ ಬಿಡಿಸಿದ ನಲವತ್ತು ಪ್ರಶ್ನೆಗಳು ಮರೆತುಹೋಗುತ್ತವೆ. ಎಡವಿದ ಐದು ರಾತ್ರಿಯೆಲ್ಲ ಕಾಡುತ್ತವೆ. (ಗುರುಮಠದಲ್ಲಿ ನಾನೂ ಅಂಥ ರಾತ್ರಿಗಳನ್ನು ಕಳೆದವನೇ.) ಚೆನ್ನಾಗಿ ಓದಿದವಳಿಗೇ ತಾನು ತಪ್ಪಿದ್ದೆಲ್ಲಿ ಎಂಬುದು ಹೊಳೆಯುತ್ತದೆ, ಓದದವನು ನಗುನಗುತ್ತ ಹೊರಬರುವುದೂ ಉಂಟು. ಮೇಲಾಗಿ ರ‍್ಯಾಂಕು ಇತರರೊಡನೆ ಹೋಲಿಸಿ ಕೊಡುವಂಥದು; ಕಠಿಣ ಪತ್ರಿಕೆ ಪಕ್ಕದ ಬೆಂಚಿನವನಿಗೂ ಕಠಿಣವೇ.

ಹಾಗೆಂದು “ಛಲೋ ಮಾರ್ಕ್ಸ್ ಬರ್ತಾವ ಬಿಡು” ಎಂಬ ಹುಸಿ ಸಾಂತ್ವನವನ್ನು ನಾನು ಒಪ್ಪಲಾರೆ. ಅಂಕ ನಿಜಕ್ಕೂ ಕಡಿಮೆ ಬರಬಹುದು. ಆಗ ನಿಮ್ಮ ಮಾತನ್ನು ಸುಳ್ಳು ಮಾಡಿದೆನೆಂಬ ನೋವೂ ಮಗುವಿನದಾಗುತ್ತದೆ. ಕೀ ಉತ್ತರಗಳು ಬರುವವರೆಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಇಟ್ಟುಕೊಳ್ಳೋಣ. ಬಾಗಿಲಲ್ಲಿ ಬೇರೇನನ್ನಾದರೂ ಕೇಳಿರಿ. ಬೆಳಗಿನಿಂದ ಆಕೆ ಹೊಟ್ಟೆತುಂಬ ಉಂಡಿರಲಿಕ್ಕಿಲ್ಲ.