ನಡುವೆ ಏನೂ ಇಲ್ಲ

ಕಳೆದ ಬೇಸಗೆಯ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಮೆಲ್ಬೋರ್ನ್ ನಗರದಲ್ಲಿರುವ ಅವಳ ತಮ್ಮನ ಮನೆಗೆ ಹೋಗಿದ್ದೆವು. ಹೋದ ಎರಡನೆಯ ದಿನ ರಾತ್ರಿ ಊಟವಾದ ಮೇಲೆ ಅವನು ಮೇಜಿನ ಮೇಲೆ ಆಸ್ಟ್ರೇಲಿಯದ ಭೂಪಟವನ್ನು ಹರಡಿ ನಮ್ಮ ಪ್ರವಾಸವನ್ನು ಗೊತ್ತುಮಾಡಿದ. "ಇಲ್ಲಿಂದ ಅಡಿಲೇಡ್, ಅಲ್ಲಿಂದ ಆಲಿಸ್ ಸ್ಪ್ರಿಂಗ್ಸ್, ಆಮೇಲೆ ಬ್ರಿಸ್ಬೇನ್, ಸಿಡ್ನಿ, ತಿರುಗಿ ಮನೆಗೆ. ಊರಿಗೆ ನಾಲ್ಕು ನಾಲ್ಕು ದಿನ ಇಟ್ಟುಕೊಳ್ಳಿ ಭಾವ, ಅವಸರ ಬೇಡ. ಎಲ್ಲ ಕಡೆಗೂ ವಿಮಾನದಲ್ಲೇ ಹೋಗಿಬಿಡಿ. ನಡುವೆ ಏನೂ ಇಲ್ಲ" ಎಂದ.

ಅವನು ಹೇಳಿದ್ದು ಪ್ರೀತಿಯಿಂದ. ಹೇಳಿದ್ದರಲ್ಲಿ ವಿವೇಕವೂ ಇತ್ತು. ಆ ದೇಶದ ವಿಸ್ತಾರ ನಮ್ಮ ದೇಶದ ಎರಡರಷ್ಟಕ್ಕಿಂತ ಹೆಚ್ಚು. ಜನಸಂಖ್ಯೆ ಮೂರು ಕೋಟಿಗೂ ಕಡಿಮೆ. ಆ ಜನರಲ್ಲಿ ಬಹುಪಾಲು ಕಡಲಂಚಿನ ಕೆಲವೇ ಪಟ್ಟಣಗಳಲ್ಲಿ ಸೇರಿಕೊಂಡಿದ್ದಾರೆ. ಅಡಿಲೇಡಿನಿಂದ ಆಲಿಸ್ ಸ್ಪ್ರಿಂಗ್ಸಿಗೆ ರಸ್ತೆಯಲ್ಲಿ ಹೋದರೆ ಸುಮಾರು ೧೫೦೦ ಕಿಲೋಮೀಟರು. ವಿಮಾನದಲ್ಲಿ ಎರಡು ಗಂಟೆ. ರೈಲಿನಲ್ಲಿ ಹೋಗೋಣವೆಂದರೆ, ಆ ದಾರಿಯ 'ಘಾನ್' ರೈಲು ಇಂದು ಸಿರಿವಂತ ಪ್ರವಾಸಿಗಳ ವಿನೋದವಾಗಿದೆ. ವಿಮಾನಕ್ಕಿಂತ ಎಷ್ಟೋ ಪಾಲು ದುಬಾರಿ. ನಿಧಾನವಾಗಿ ಹೋಗಲು ಹೆಚ್ಚು ಹಣ ತೆರಬೇಕಾದ ಕಾಲ ಬಂದೀತೆಂದು ನಮ್ಮ ಹಿರಿಯರು ಕನಸಿನಲ್ಲೂ ಎಣಿಸಿರಲಾರರು. ಕಾಲೇಜು ಮೇಷ್ಟರ ಸಂಬಳಕ್ಕೂ ರಜೆಗೂ ಒಗ್ಗುವುದು ವಿಮಾನವೇ ಎಂದು ಒಪ್ಪಿಕೊಂಡು ಹೊರಟೆವು.

ಹೀಗೆ ಐದು ವಿಮಾನಗಳಲ್ಲಿ ಹತ್ತಿ ಇಳಿದು ಆ ಖಂಡದ ಅರ್ಧಭಾಗವನ್ನು ಸುತ್ತಿಬಂದೆವು. ಆಕಾಶದಲ್ಲಿ ಕಳೆದದ್ದು ಒಟ್ಟು ಹತ್ತು ಗಂಟೆಯೂ ಆಗಲಿಲ್ಲ. ಊರುಗಳಲ್ಲಿ ಮಾತ್ರ ಸಾವಕಾಶವಾಗಿದ್ದೆವು. ಅಡಿಲೇಡಿನಲ್ಲಿ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿದೆವು. ನಮ್ಮ ಐದೂವರೆಯ ಹಾಗೆ ಅಲ್ಲಿಯೂ ಅರ್ಧ ಗಂಟೆಯ ಲೆಕ್ಕವಿರುವುದನ್ನು ಕಂಡು ಅದೇಕೋ ಸಂತೋಷವಾಯಿತು. ಸಿಡ್ನಿಯ ಬಂದರನ್ನು ದೋಣಿಯಲ್ಲಿ ದಾಟಿದೆವು, ಬ್ರಿಸ್ಬೇನಿನಲ್ಲಿ ನದಿಯ ದಂಡೆಯ ಮೇಲೆ ಕುಳಿತೆವು. ಇವನ್ನೆಲ್ಲ ಬಣ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನನ್ನು ಕಾಡಿದ್ದು ಭಾವಮೈದುನನ ಆ ಒಂದು ಮಾತು. 'ನಡುವೆ ಏನೂ ಇಲ್ಲ' ಎಂದರೆ ಏನರ್ಥ? ಅದು ನೆಲವನ್ನು ಕುರಿತ ಮಾತೋ, ನಮ್ಮ ಕಣ್ಣನ್ನು ಕುರಿತದ್ದೋ? ಹೀಗೆ ಹಾರಿಬಂದವನಿಗೆ 'ಆಸ್ಟ್ರೇಲಿಯವನ್ನು ನೋಡಿದೆ' ಎನ್ನುವ ಹಕ್ಕು ಉಂಟೆ?

ಅಡಿಲೇಡಿನಿಂದ ಉತ್ತರಕ್ಕೆ ಹೊರಟ ವಿಮಾನದಲ್ಲಿ ನನಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಅರ್ಧ ಗಂಟೆಯಲ್ಲಿ ಹೊಲಗದ್ದೆಗಳು ಮುಗಿದು ಕೆಳಗೆ ಕೆಂಪು ನೆಲ ತೊಡಗಿತು. ದೂರದಲ್ಲಿ ಉಪ್ಪಿನ ಸರೋವರಗಳು, ನೀರಿಲ್ಲದೆ, ಸುಣ್ಣ ಬಳಿದಂತೆ ಬೆಳ್ಳಗೆ ಮಿನುಗುತ್ತಿದ್ದವು. ಆಗಾಗ ಒಂದು ಗೆರೆ, ಒಂದು ಮಚ್ಚೆ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕಿಟಕಿಯ ಪರದೆ ಎಳೆದು ನಿದ್ದೆಹೋದರು. ನಾನು ಬಿಡದೆ ನೋಡಿದೆ. ಆದರೆ ನೋಡಿ ಕಂಡದ್ದೇನು? ಕೆಂಪು, ಬಿಳಿ, ಮತ್ತೆ ಕೆಂಪು. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲಿನ ಮೇಲೆ ಕುಡುಗೋಲು ಮಸೆಯುವವರನ್ನು ಕಂಡು ನಾನು ಮರುಗಿದ್ದುಂಟು. ಆ ಹೊತ್ತು ನನ್ನ ಸ್ಥಿತಿ ಅವರಿಗಿಂತ ಮೇಲಾಗಿರಲಿಲ್ಲ. ಅಕ್ಷರವಿದೆಯೆಂಬ ಗುಮಾನಿಯೇನೋ ಇತ್ತು, ಓದಲು ಬರಲಿಲ್ಲ, ಅಷ್ಟೆ.

ಮರುದಿನ ಆಲಿಸ್ ಸ್ಪ್ರಿಂಗ್ಸಿನ ಒಂದು ಚಿತ್ರಶಾಲೆಗೆ ಹೋದೆವು. ಅಲ್ಲಿ ಮರುಭೂಮಿಯ ಮೂಲನಿವಾಸಿಗಳು ಬರೆದ ಚಿತ್ರಗಳಿವೆ. ಈ ಊರಿನಿಂದ ವಾಯವ್ಯಕ್ಕೆ ಇನ್ನೂರು ಕಿಲೋಮೀಟರಿಗೂ ಆಚೆ ಪಪುನ್ಯ ಎಂಬ ವಸತಿಯಿದೆ. ಅಲ್ಲಿಯ ಶಾಲೆಗೆ ಜೆಫ್ರಿ ಬಾರ್ಡನ್ ಎಂಬ ಉಪಾಧ್ಯಾಯ ಬಂದಿದ್ದ. ಅವನ ಪ್ರೋತ್ಸಾಹದಿಂದ ೧೯೭೧ರಲ್ಲಿ ಅಲ್ಲಿಯ ಹಿರಿಯರು ತಾವು ತಲೆಮಾರುಗಳಿಂದ ಮರಳಿನ ಮೇಲೂ ಮೈಮೇಲೂ ಬರೆಯುತ್ತಿದ್ದ ಆಕೃತಿಗಳನ್ನು ಗೋಡೆಯ ಮೇಲೆ, ಹಲಗೆಯ ಮೇಲೆ ಬಣ್ಣದಲ್ಲಿ ಬರೆದರು. ಮರುವರ್ಷ ಅವರದೇ ಒಂದು ಸಂಘವಾಯಿತು. ಇಂದು ಆ ಚಿತ್ರಗಳು ಜಗತ್ತಿನ ದೊಡ್ಡ ದೊಡ್ಡ ಚಿತ್ರಶಾಲೆಗಳಲ್ಲಿವೆ. ಚುಕ್ಕೆಗಳು, ಒಂದರೊಳಗೊಂದು ಸುತ್ತುಗಳು, ಅವನ್ನು ಕೂಡಿಸುವ ಗೆರೆಗಳು. ಸುತ್ತು ಎಂದರೆ ನೀರಿನ ತಾಣ ಅಥವಾ ಬೀಡುಬಿಟ್ಟ ಜಾಗ. ಗೆರೆ ಎಂದರೆ ನಡೆದ ದಾರಿ. ಲಾಳದಂಥ ಗುರುತು, ನೆಲದ ಮೇಲೆ ಕುಳಿತ ಮನುಷ್ಯ.

ನೋಡುತ್ತ ನಿಂತವನಿಗೆ ಥಟ್ಟನೆ ಹೊಳೆಯಿತು: ಇದು ನಾನು ನಿನ್ನೆ ಕಿಟಕಿಯಿಂದ ಕಂಡ ನೆಲ. ಅದೇ ಕೆಂಪು, ಅದೇ ಬಿಳಿ, ಅವೇ ಗೆರೆ. ಚಿತ್ರವೆಲ್ಲ ಮೇಲಿನಿಂದ ನೋಡಿದಂತಿದೆ. ಆದರೆ ಈ ಬರವಣಿಗೆ ವಿಮಾನಕ್ಕಿಂತ ಎಷ್ಟೋ ಹಳೆಯದು. ಇದನ್ನು ಕಲಿಸಿದವರೂ ಕಲಿತವರೂ ನೆಲದ ಮೇಲೆ ನಡೆದವರು. ನಡೆದು ನಡೆದು, ಯಾವ ನೀರಿಗೂ ಯಾವ ನೀರಿಗೂ ನಡುವೆ ಎಷ್ಟು ದೂರ, ಯಾವ ದಿಣ್ಣೆಯ ಹಿಂದೆ ಏನು ಎಂಬುದು ಮನಸ್ಸಿನಲ್ಲಿ ಕುಳಿತುಹೋದಾಗ, ಮನಸ್ಸು ತಾನಾಗಿಯೇ ಮೇಲಕ್ಕೇರಿ ಇಡೀ ಸೀಮೆಯನ್ನು ಒಟ್ಟಿಗೆ ಕಾಣುತ್ತದೆ ಎಂದು ತೋರುತ್ತದೆ. ಹಾರದವರಿಗೆ ದಕ್ಕಿದ ನೋಟ ಹಾರಿದ ನನಗೆ ದಕ್ಕಲಿಲ್ಲ.

ನಮ್ಮಲ್ಲಿ ವಿಮಾನ ಎಂದಾಕ್ಷಣ ಪುಷ್ಪಕದ ಹೆಸರು ಬರುತ್ತದೆ. ಆ ಪ್ರಸಂಗವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪ್ರಸ್ತಾಪಿಸಿದ್ದೇನೆ. ಅದರ ಸ್ವಾರಸ್ಯ ತಿಳಿದದ್ದು ಈಗ. ಲಂಕೆಯಿಂದ ಅಯೋಧ್ಯೆಗೆ ಮರಳುವಾಗ ರಾಮ ಸೀತೆಗೆ ಕೆಳಗಿನ ನೆಲವನ್ನು ತೋರಿಸುತ್ತ ಹೋಗುತ್ತಾನೆ. ಇಗೋ ಸೇತುವೆ, ಇಗೋ ಕಿಷ್ಕಿಂಧೆ, ಇದು ಪಂಪೆ, ಅದು ಗೋದಾವರಿ, ಅಲ್ಲಿ ಚಿತ್ರಕೂಟ. ಅಷ್ಟು ಮೇಲಿನಿಂದ ಅವನಿಗೆ ಗುರುತು ಸಿಕ್ಕಿದ್ದು ಹೇಗೆ? ಅವನು ಆ ದಾರಿಯನ್ನೆಲ್ಲ ಕಾಲಿನಲ್ಲಿ ನಡೆದಿದ್ದ, ಒಂದೊಂದು ತಾಣದಲ್ಲೂ ಅತ್ತಿದ್ದ, ಅಲೆದಿದ್ದ. ನಡೆಯದೆ ಹಾರಿದವನಾಗಿದ್ದರೆ ಅವನೂ ಪರದೆ ಎಳೆದು ಮಲಗುತ್ತಿದ್ದನೋ ಏನೋ. (ಹೀಗೆ ಹೇಳಿದ್ದಕ್ಕೆ ಭಕ್ತರು ಕ್ಷಮಿಸಬೇಕು.)

ಕಾಣಲಿಲ್ಲ ಎನ್ನುವುದು ತಪ್ಪೇನಲ್ಲ. ಒಂದು ಜನ್ಮದಲ್ಲಿ ಎಲ್ಲ ನೆಲವನ್ನೂ ನಡೆಯುವುದು ಯಾರಿಂದ ಸಾಧ್ಯ? ಕಾಣದ್ದನ್ನು ಇಲ್ಲ ಎಂದುಬಿಡುವಲ್ಲಿ ತಪ್ಪು ತೊಡಗುತ್ತದೆ. ಇದು ಬರಿಯ ತರ್ಕದ ಮಾತಲ್ಲ. ಆ ದೇಶದಲ್ಲಿ ಇದಕ್ಕಾಗಿ ಪ್ರಾಣಗಳು ಹೋಗಿವೆ. ೧೮೬೦ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಇಬ್ಬರ ನಾಯಕತ್ವದ ದೊಡ್ಡ ತಂಡವೊಂದು ಮೆಲ್ಬೋರ್ನಿನಿಂದ ಉತ್ತರದ ಕಡಲಿಗೆ ಹೊರಟಿತು. ಅದಕ್ಕಾಗಿ ಆಗಿನ ಇಂಡಿಯಾದಿಂದ ಒಂಟೆಗಳನ್ನೂ ಅವನ್ನು ನಡೆಸುವವರನ್ನೂ ತರಿಸಿದ್ದರು. ಉತ್ತರವನ್ನು ಮುಟ್ಟಿ ಮರಳುವಾಗ, ೧೮೬೧ರಲ್ಲಿ, ನಾಯಕರಿಬ್ಬರೂ ಕೂಪರ್ ಕ್ರೀಕ್ ಎಂಬ ತೊರೆಯ ದಡದಲ್ಲಿ ಸೊರಗಿ ಸತ್ತರು. ಅವರಿಗೆ ಅದು ಬರಡು. ಆದರೆ ಅದೇ ತೊರೆಯ ದಡದಲ್ಲಿ ಯಾಂಡ್ರುವಾಂಡ ಎಂಬ ಜನ ಮೀನು ಹಿಡಿದುಕೊಂಡು, 'ನಾರ್ಡೂ' ಎಂಬ ಜರಿಗಿಡದ ಬೀಜದಂಥ ಕಾಯನ್ನು ಹಿಟ್ಟುಮಾಡಿ ತಿಂದುಕೊಂಡು ಸಂಸಾರ ನಡೆಸುತ್ತಿದ್ದರು. ಬಂದವರೂ ಆ ಹಿಟ್ಟನ್ನೇ ತಿಂದರು. ಆದರೆ ಅದನ್ನು ಹಸನುಮಾಡುವ ಕ್ರಮವನ್ನು ಸರಿಯಾಗಿ ಕಲಿಯಲಿಲ್ಲ. ಕೆಸುವಿನ ಸೊಪ್ಪಿಗೆ ಹುಳಿ ಹಾಕಬೇಕೆಂದು ತಿಳಿಯದವನಿಗೆ ನಾಲಗೆ ತುರಿಸೀತು, ಅಷ್ಟೆ; ಇಲ್ಲಿ ಹೊಟ್ಟೆ ತುಂಬಿದಂತಿದ್ದೂ ದೇಹ ಕ್ಷಯಿಸಿತು. ಉಳಿದವನು ಜಾನ್ ಕಿಂಗ್ ಎಂಬೊಬ್ಬ. ಅವನು ಆ ಜನರ ಬಳಿಗೆ ಹೋಗಿ, ಅವರು ಕೊಟ್ಟದ್ದನ್ನು ಉಂಡು, ಹುಡುಕುವ ತಂಡ ಬರುವತನಕ ಅವರೊಡನೆ ಇದ್ದ. ಮೆಲ್ಬೋರ್ನಿನಲ್ಲಿ ನಾಯಕರಿಬ್ಬರ ದೊಡ್ಡ ಪ್ರತಿಮೆಯನ್ನು ನಿಲ್ಲಿಸಿದ್ದರು. ಆ ಪ್ರತಿಮೆಯನ್ನು ನೆನೆದಾಗ ನನ್ನ ಮನಸ್ಸು ಕಿಂಗನಿಗೆ ಹಿಟ್ಟು ಕೊಟ್ಟವರ ಕಡೆಗೇ ಹೋಗುತ್ತಿತ್ತು.

ಇನ್ನು 'ಏನೂ ಇಲ್ಲ' ಎಂಬುದು ಕಾನೂನೂ ಆಗಿತ್ತು. ಬ್ರಿಟಿಷರು ಬಂದಿಳಿದ ಆ ಖಂಡ 'ಯಾರದೂ ಅಲ್ಲದ ನೆಲ' ಎಂಬ ಭಾವನೆಯ ಮೇಲೆ ಅಲ್ಲಿಯ ಭೂಮಿಯ ಹಕ್ಕುಗಳೆಲ್ಲ ನಿಂತಿದ್ದವು. ಟಾರೆಸ್ ಜಲಸಂಧಿಯ ಮೇರ್ ಎಂಬ ಪುಟ್ಟ ದ್ವೀಪದ ಎಡ್ಡಿ ಮಾಬೊ ಮತ್ತು ಅವನ ಜೊತೆಯವರು ಹತ್ತು ವರ್ಷ ವ್ಯಾಜ್ಯ ನಡೆಸಿದ ಮೇಲೆ, ೧೯೯೨ರ ಜೂನ್ ೩ರಂದು ಅಲ್ಲಿಯ ಉಚ್ಚ ನ್ಯಾಯಾಲಯ ಆ ಭಾವನೆಯನ್ನು ತಳ್ಳಿಹಾಕಿತು. ತೀರ್ಪು ಕೇಳಲು ಮಾಬೊ ಉಳಿದಿರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದ. ಈಗ ಕೆಲವು ವಿಮಾನಗಳಲ್ಲಿ, ಇಳಿಯುವ ಹೊತ್ತಿಗೆ, ಆ ಜಾಗದ ಮೂಲ ಪಾಲಕರಿಗೆ ಗೌರವ ಸಲ್ಲಿಸುವ ಮಾತೊಂದನ್ನು ಹೇಳುತ್ತಾರೆ. ಒಳ್ಳೆಯದೇ. ನಾನು ಕೇಳಿದಾಗಲೆಲ್ಲ ಅದನ್ನು ಇಳಿದ ನೆಲಕ್ಕೆ ಹೇಳಿದರು; ದಾಟಿಬಂದ ನೆಲದ ಮಾತು ಬರಲಿಲ್ಲ.

ನನಗೇಕೆ ಇಷ್ಟು ಚುಚ್ಚಬೇಕು? ಕಾರಣವುಂಟು. ನಾನು ಹುಟ್ಟಿದ್ದು ಚಳ್ಳಕೆರೆಯ ಕಡೆಯ ಹಳ್ಳಿ. ಬಳ್ಳಾರಿಯ ಬಸ್ಸಿನಲ್ಲಿ ಬರುವ ಬೆಂಗಳೂರಿನ ಸ್ನೇಹಿತರು ಕಿಟಕಿಯಿಂದ ನೋಡಿ "ಏನೂ ಇಲ್ಲ ರೀ ಇಲ್ಲಿ, ಬರೀ ಬಯಲು" ಎನ್ನುವುದನ್ನು ಕೇಳಿಯೇ ಬೆಳೆದವನು. ಆ ಬಯಲಿನಲ್ಲಿ ಅಮೃತಮಹಲ್ ಕಾವಲು ಇತ್ತು, ಕಾವಲಿನಲ್ಲಿ ಕುರಿಯಿತ್ತು, ದನವಿತ್ತು, ಕಂಬಳಿ ನೇಯುವವರ ಬದುಕಿತ್ತು. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ ಎಂಬುದು ನನ್ನ ತಾಯಿಗೆ ಗೊತ್ತು. ಮುಂದೆ ಅದರಲ್ಲಿ ಸಾವಿರಾರು ಎಕರೆಯನ್ನು ದೊಡ್ಡ ದೊಡ್ಡ ಕೆಲಸಗಳಿಗೆ ಕೊಟ್ಟಾಗಲೂ ಆ ನೆಲ ಖಾಲಿ ಬಿದ್ದಿದೆ ಎಂಬ ಮಾತನ್ನು ಕೇಳಿದೆವು. ಆ ಕೆಲಸಗಳು ದೇಶಕ್ಕೆ ಬೇಕಾದವೇ ಇರಬಹುದು, ನಾನು ವಾದಿಸುವುದಿಲ್ಲ. 'ಖಾಲಿ' ಎಂದದ್ದನ್ನು ಮಾತ್ರ ಮರೆಯಲಾರೆ. ಹೀಗಿರುವ ನಾನೇ ಇನ್ನೊಬ್ಬರ ಕಾವಲಿನ ಮೇಲೆ ಹಾರುತ್ತ, ಕೆಂಪು, ಬಿಳಿ ಎಂದು ಬಣ್ಣ ಎಣಿಸಿದೆನಲ್ಲ!

ವಿಮಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಂಥ ಸೀಮೆಯಲ್ಲಿ ಅದರ ಉಪಕಾರ ದೊಡ್ಡದು. ಅಲ್ಲಿಯ ಹೆಸರಾಂತ ಕ್ವಾಂಟಾಸ್ ಸಂಸ್ಥೆ ೧೯೨೦ರಲ್ಲಿ ಹುಟ್ಟಿದ್ದು ಸಿಡ್ನಿಯಲ್ಲೂ ಅಲ್ಲ, ಮೆಲ್ಬೋರ್ನಿನಲ್ಲೂ ಅಲ್ಲ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ವಿಂಟನ್ ಎಂಬ ಸಣ್ಣ ಊರಿನಲ್ಲಿ, ಎಂದರೆ ನನ್ನ ಭಾವಮೈದುನ ಹೇಳಿದ ಆ 'ನಡುವೆ'ಯಲ್ಲಿ. ಜಾನ್ ಫ್ಲಿನ್ ಎಂಬ ಪಾದ್ರಿ ೧೯೨೮ರಲ್ಲಿ ಕ್ಲಾನ್‌ಕರಿಯಿಂದ ವೈದ್ಯರನ್ನು ವಿಮಾನದಲ್ಲಿ ಕಳಿಸುವ ಏರ್ಪಾಡು ಮಾಡಿದ. ಅದು ಇಂದಿಗೂ ನಡೆಯುತ್ತಿದೆ. ಆ ವಿಮಾನಗಳು ಒಂಟಿಮನೆಯ ಮುಂದಿನ ಮಣ್ಣಿನ ಮೇಲೆ ಇಳಿಯುತ್ತಿದ್ದವು. ನಾವು ಕುಳಿತ ವಿಮಾನ ಮೂವತ್ತು ಸಾವಿರ ಅಡಿಗಳ ಮೇಲೆ ಹೋಗುತ್ತ ಕೆಳಗೆ ಎಲ್ಲೂ ಇಳಿಯಬೇಕಾಗಿರಲಿಲ್ಲ.

ನೆಲದ ಮೇಲೆ ನಾವು ಮಾಡಿದ ದೀರ್ಘ ಪ್ರಯಾಣ ಒಂದೇ. ಆಲಿಸ್ ಸ್ಪ್ರಿಂಗ್ಸಿನಿಂದ ಉಲುರು ಬಂಡೆಗೆ ಬಸ್ಸಿನಲ್ಲಿ ಸುಮಾರು ೪೫೦ ಕಿಲೋಮೀಟರು. ಬಂಡೆಯನ್ನು ಹತ್ತುವುದು ಈಗ ಇಲ್ಲ. ಹತ್ತಬೇಡಿರೆಂದು ಅಲ್ಲಿಯ ಅನಂಗು ಜನ ಬಹಳ ಕಾಲದಿಂದ ಕೇಳಿಕೊಳ್ಳುತ್ತಿದ್ದರು. ೨೦೧೯ರ ಅಕ್ಟೋಬರ್ ೨೬ರಿಂದ ಅದು ನಿಂತಿತು. ಬುಡದಲ್ಲಿ ನಡೆದೆವು. ಆದರೆ ನನ್ನ ನೆನಪಿನಲ್ಲಿ ನಿಂತದ್ದು ದಾರಿ. ರಸ್ತೆಯ ಬದಿಯಲ್ಲಿ, ಒಂದು ಜಾತಿಯ ಮರ, ಗರಿ ನೆಟ್ಟಂತೆ, ಕಡ್ಡಿಯಷ್ಟು ಸಣ್ಣಗೆ ನೆಟ್ಟಗೆ ನಿಂತಿರುವುದು. ಪಕ್ಕದಲ್ಲೇ ದೊಡ್ಡ ಕೊಡೆಯಂಥ ಇನ್ನೊಂದು ಮರ. ಎರಡು ಜಾತಿಯೆಂದುಕೊಂಡಿದ್ದೆ. ಡ್ರೈವರ್ ಹೇಳಿದ: ಎರಡೂ ಒಂದೇ, ಮರುಭೂಮಿಯ ಓಕ್. ನಮ್ಮ ಸರ್ವೆ ಮರದ ಬಳಗದ್ದು. ಎಳೆಯ ಮರ ಕೊಂಬೆ ಚಾಚದೆ ಬೇರನ್ನೇ ಕೆಳಗೆ ಇಳಿಸುತ್ತ ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತದೆಯಂತೆ. ಬೇರು ನೀರನ್ನು ಮುಟ್ಟಿದ ಮೇಲೆ ಕೊಂಬೆ ಹರಡುತ್ತದೆಯಂತೆ.

ಊರಿಗೆ ಬಂದ ಮೇಲೆ ತಾಯಿಗೆ ಫೋಟೋಗಳನ್ನು ತೋರಿಸಿದೆ. ಸಿಡ್ನಿಯ ಸೇತುವೆ, ಸಂಗೀತಶಾಲೆ, ಕಡಲು, ಎಲ್ಲವನ್ನೂ ಸಮಾಧಾನದಿಂದ ನೋಡಿದಳು. ಕೊನೆಗೆ, "ಅಲ್ಲಪ್ಪಾ, ಊರಿಂದೂರಿಗೆ ಹೋಗ್ವಾಗ ದಾರೀಲಿ ಏನೇನೈತೆ?" ಎಂದಳು. ನನ್ನ ಬಳಿ ಇದ್ದದ್ದು ಆ ೪೫೦ ಕಿಲೋಮೀಟರಿನ ಉತ್ತರ ಮಾತ್ರ. ಮರದ ಕಥೆ ಹೇಳಿದೆ. ಅವಳು ಫೋಟೋ ಕೆಳಗಿಟ್ಟು ಕೇಳಿದಳು: "ಅಲ್ಲಿ ನೀರು ಎಷ್ಟು ಆಳಕ್ಕೈತಂತೆ?"

ಡ್ರೈವರನ್ನು ನಾನು ಅದನ್ನು ಕೇಳಿರಲಿಲ್ಲ.