ಮುಂಗಡದ ಹಣ ಯಾರದು?

ನಮ್ಮ ಎಮ್ಮೆದೊಡ್ಡಿಯ ಕಡೆಯಿಂದ ಬೆಂಗಳೂರಿಗೆ ಹೋಗಿ ಬಾಡಿಗೆ ಮನೆ ಹಿಡಿಯುವವರು ಮೊದಲು ಎಣಿಸಿ ಕೊಡುವುದು ಮುಂಗಡವನ್ನು. ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವುದು ಅಲ್ಲಿಯ ಬಹುಕಾಲದ ರೂಢಿ. ವರ್ಗದ ಹುಕುಂ ಬಂದು ನಾಲ್ಕೇ ದಿನದಲ್ಲಿ ಮನೆ ಬಿಡಬೇಕಾದರೆ ಆ ಹಣದ ಗತಿಯೇನು?

ಮಾತಿಗೆ ತಪ್ಪಿದವನು ದಂಡ ತೆರಬೇಡವೇ ಎನ್ನುತ್ತಾನೆ ಮನೆಯ ಯಜಮಾನ. ಅವನ ವಾದ ಪೊಳ್ಳಲ್ಲ. ಎಷ್ಟೋ ಮಂದಿಗೆ ಬಾಡಿಗೆಯೇ ಮುಪ್ಪಿನ ಅನ್ನ. ಮನೆ ಖಾಲಿ ಬಿದ್ದ ದಿನಗಳ ನಷ್ಟವನ್ನು ಹೊರಟವನೇ ಹೊರಲಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಷ್ಟ ಬೇರೆ, ಶಿಕ್ಷೆ ಬೇರೆ. ಹತ್ತನೆಯ ದಿನ ಹೊಸಬರು ಬಂದರೆ ಹತ್ತು ದಿನದ ಬಾಡಿಗೆ ಹಿಡಿಯಬಹುದು, ಹತ್ತು ತಿಂಗಳದ್ದನ್ನಲ್ಲ. 1872ರ ಕರಾರು ಕಾಯಿದೆಯ ಧೋರಣೆಯೂ ಇದೇ: ಪತ್ರದಲ್ಲಿ ದಂಡವೆಂದು ಎಷ್ಟೇ ಬರೆದಿದ್ದರೂ ಸಲ್ಲುವುದು ಯುಕ್ತವಾದ ಪರಿಹಾರ ಮಾತ್ರ.

ತೊಡಕಿರುವುದು ಕಾಯಿದೆಯಲ್ಲಲ್ಲ, ಮನಸ್ಸಿನಲ್ಲಿ. ವರ್ಷಗಟ್ಟಲೆ ಕೈಯಲ್ಲಿದ್ದ ಹಣ ತನ್ನದೇ ಎನಿಸಿಬಿಡುತ್ತದೆ. ಮಗಳ ಮದುವೆಗೋ ಮಾಳಿಗೆಯ ಗಾರೆಗೋ ಕರಗಿಯೂ ಇರುತ್ತದೆ. ಆಗ ಹಿಂದಿರುಗಿಸುವುದು ದಾನವೆಂಬಂತೆ ತೋರಿ, ಗೋಡೆಯ ಮೊಳೆಯ ಗುರುತೂ ಲೆಕ್ಕಕ್ಕೆ ಬರುತ್ತದೆ.

ಮದಗದ ಕೆರೆಯ ಸೀಮೆಯವರಾದ ನಮಗೆ ಇದನ್ನು ಹೇಳಿಕೊಡಬೇಕಿಲ್ಲ: ತೂಬು ಎತ್ತುವ ನೀರುಗಂಟಿ ನೀರಿನ ಒಡೆಯನಲ್ಲ. ಮುಂಗಡ ಹಿಡಿದವನೂ ಅಷ್ಟೆ. ಒಂದು ತಿಂಗಳ ಬಾಡಿಗೆಯನ್ನು ಇಟ್ಟುಕೊಂಡು, ಉಳಿದದ್ದನ್ನು ಬೀಗದ ಕೈ ಪಡೆದ ದಿನವೇ ಕೊಡಲಿ. ಹೊಸಬರು ಬಂದ ಮೇಲೆ ಇಟ್ಟುಕೊಂಡದ್ದರ ಲೆಕ್ಕ ಒಪ್ಪಿಸಲಿ. ಹೊರಟವನು ಇನ್ನೊಂದು ಊರಿನಲ್ಲಿ ಮನೆ ಹಿಡಿಯಬೇಕಾದದ್ದು ಅದೇ ಹಣದಿಂದ.